ಕೋವಿಡ್ ಬ್ಯಾಚಿನ ಡಾಕ್ಟರಮ್ಮನಿಗೆ

ಪ್ರಶ್ನೆ: ಸರ್, ನಾನು 2019ರ ಬ್ಯಾಚಿನ ಎಂಬಿಬಿಎಸ್. ಊರು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತ್ತು. ಸೇರಿ ಏಳು ತಿಂಗಳಿಗೆ ಲಾಕ್‌ಡೌನ್ ಬಂತು, ಡಿಸೆಕ್ಷನ್ ಅರ್ಧಕ್ಕೇ ನಿಂತಿತು. ಎರಡನೇ ವರ್ಷ ವಾರ್ಡಿಗೆ ಕಾಲಿಟ್ಟೆವು ಅನ್ನುವಷ್ಟರಲ್ಲಿ ಎರಡನೇ ಅಲೆ. ಮತ್ತೆ ಮನೆ, ಮತ್ತೆ ಮೊಬೈಲು. ಈಗ ಇಂಟರ್ನ್‌ಶಿಪ್ ಮುಗಿಸಿ ಪಿಎಚ್‌ಸಿಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಮಗುವಿಗೆ ಐವಿ ಲೈನ್ ಹಾಕಲು ಮೂರು ಸಲ ಚುಚ್ಚಿದೆ, ಆಗಲಿಲ್ಲ. ಕೊನೆಗೆ ಸ್ಟಾಫ್ ನರ್ಸ್ ಹಾಕಿದರು. ಅಲ್ಲಿದ್ದ ಹಿರಿಯ ಡಾಕ್ಟರೊಬ್ಬರು ‘ನೀವು ಆನ್‌ಲೈನ್ ಡಾಕ್ಟರು ಬಿಡಿ’ ಅಂತ ಎಲ್ಲರೆದುರು ನಕ್ಕರು. ಅವತ್ತಿನಿಂದ ಕಾಲೇಜಿನ ಮೇಲೆ ವಿಪರೀತ ಸಿಟ್ಟು ಬರುತ್ತಿದೆ. ತಮಾಷೆ ಅಂದರೆ, 2021ರಲ್ಲಿ ಕಾಲೇಜು ಕಳಿಸಿದ ಫೀಡ್‌ಬ್ಯಾಕ್ ಫಾರಂನಲ್ಲಿ ‘ತುಂಬಾ ತೃಪ್ತಿ’ ಅಂತ ಟಿಕ್ ಹಾಕಿದವಳು ನಾನೇ! ಇದರಲ್ಲಿ ತಪ್ಪು ಕಾಲೇಜಿನದಾ, ನನ್ನದಾ? ಈಗ ಏನಾದರೂ ಸರಿ ಮಾಡಿಕೊಳ್ಳಬಹುದಾ? ತಮ್ಮನೂ ನೀಟ್ ಬರೆದಿದ್ದಾನೆ. ನಾಳೆ ಇನ್ನೊಂದು ಇಂಥದ್ದು ಬಂದರೆ ಯಾವ ಕಾಲೇಜು ಮಕ್ಕಳ ಕೈ ಬಿಡುವುದಿಲ್ಲ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ಆ ಐವಿ ಲೈನ್ ವಿಷಯ ಮುಗಿಸಿಬಿಡೋಣ. ನಾನು ಮೆಡಿಸಿನ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿ ನಿವೃತ್ತನಾದವನು. ವಾಂತಿ ಭೇದಿಯಾಗಿ ಒಣಗಿಹೋದ ಎಂಟು ತಿಂಗಳ ಮಗುವನ್ನು ಮುಂದಿಟ್ಟು ನರ ಹುಡುಕಿ ಅಂದರೆ ಇವತ್ತಿಗೂ ನಾನು ಸಿಸ್ಟರ್ ಮುಖ ನೋಡುತ್ತೇನೆ. ಮಕ್ಕಳ ವಾರ್ಡಿನಲ್ಲಿ ದಿನಕ್ಕೆ ಹತ್ತು ಲೈನ್ ಹಾಕುವ ನರ್ಸ್ ಕೈಗೂ, ತಿಂಗಳಿಗೊಂದು ಹಾಕುವ ಡಾಕ್ಟರ್ ಕೈಗೂ ವ್ಯತ್ಯಾಸ ಇದ್ದೇ ಇರುತ್ತದೆ. ನಕ್ಕ ಆ ಹಿರಿಯರು ಕೊನೆಯ ಸಲ ಮಗುವಿಗೆ ಲೈನ್ ಹಾಕಿದ್ದು ಯಾವಾಗ ಅಂತ ಕೇಳಬೇಕು ಅನ್ನಿಸುತ್ತದೆ. ಕೇಳಬೇಡಿ, ಅವರ ಜೊತೆ ಕೆಲಸ ಮಾಡಬೇಕಲ್ಲ.

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ಒಳಗಿರುವ ಆತಂಕ ಒಂದೇ. ‘ನನಗೆ ಬರಬೇಕಾದದ್ದು ಬರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ನನ್ನ ಮುಂದೆ ರೋಗಿ ಕೂತಿದ್ದಾರೆ.’ ಇದು ನಿಮ್ಮೊಬ್ಬರದೇ ಅಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕನಿಷ್ಠ ಹತ್ತು ಜನ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದಾರೆ. ಹೆಚ್ಚಿನವರು ರಾತ್ರಿ ಹತ್ತರ ಮೇಲೆ ಫೋನ್ ಮಾಡಿ ಹೇಳಿದ್ದು.

‘ಕೋವಿಡ್ ಬ್ಯಾಚು ಅಂದರೆ ಅರ್ಧ ಡಾಕ್ಟರು’

ಈ ಮಾತು ಸುಳ್ಳು. ಪೂರ್ತಿ ಸುಳ್ಳು ಅಂದರೂ ತಪ್ಪಾಗುತ್ತದೆ, ಹಾಗಾಗಿ ಬಿಡಿಸಿ ನೋಡೋಣ.

ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಿಮ್ಮ ಬ್ಯಾಚಿಗೆ ಪೆಟ್ಟು ಬಿದ್ದದ್ದು ಮೊದಲ ವರ್ಷದ ಕೊನೆಯ ಭಾಗ ಮತ್ತು ಎರಡನೇ ವರ್ಷದ ಶುರುವಿಗೆ. ಅಂತಿಮ ವರ್ಷ ಮತ್ತು ಇಂಟರ್ನ್‌ಶಿಪ್ ಹೊತ್ತಿಗೆ ವಾರ್ಡುಗಳು ಮತ್ತೆ ತುಂಬಿದ್ದವು, ಲೇಬರ್ ರೂಮು ನಡೆಯುತ್ತಿತ್ತು, ಒಪಿಡಿಯಲ್ಲಿ ಸಾಲು ಇತ್ತು. ಥಿಯರಿಯಲ್ಲಿ ನೀವು ನಮ್ಮ ಕಾಲದವರಿಗಿಂತ ಕಡಿಮೆ ಇರಲಿಲ್ಲ. ನಿಜ ಹೇಳಬೇಕೆಂದರೆ ಜಾಸ್ತಿಯೇ ಇದ್ದಿರಿ. ಅರ್ಥವಾಗದ ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮೂರು ಸಲ ಕೇಳುವ ಸೌಕರ್ಯ ನಮಗೆಲ್ಲಿತ್ತು? ನಮ್ಮ ಫಾರ್ಮಕಾಲಜಿ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡುತ್ತಿದ್ದರು. ಕೊನೆಯ ಬೆಂಚಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಹಾಗಾದರೆ ಹೋದದ್ದು ಏನು? ಎರಡನೇ ವರ್ಷದ ವಾರ್ಡು. ಆ ವರ್ಷ ಹುಡುಗರು ರೋಗ ಕಲಿಯುವುದು ಕಮ್ಮಿ. ರೋಗಿಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುವುದನ್ನು ಕಲಿಯುತ್ತಾರೆ. ‘ಯಾವಾಗಿನಿಂದ ಕೆಮ್ಮು, ಅಜ್ಜಾ?’ ಅಂತ ಕೇಳಿ, ಅಜ್ಜ ಮೊಮ್ಮಗಳ ಮದುವೆಯಿಂದ ಕಥೆ ಶುರು ಮಾಡಿದಾಗ ಅದರೊಳಗಿಂದ ಕೆಮ್ಮನ್ನು ಹೊರತೆಗೆಯುವುದನ್ನು ಕಲಿಯುತ್ತಾರೆ. ಹೊಟ್ಟೆ ಮುಟ್ಟಿ ನೋಡುವಾಗ ಕೈ ತಣ್ಣಗಿರಬಾರದು ಅಂತ ಕಲಿಯುತ್ತಾರೆ. ಲಿವರ್ ಎಲ್ಲಿ ಬೆರಳಿಗೆ ತಾಗುತ್ತದೆ ಅನ್ನುವುದು ಐವತ್ತು ಹೊಟ್ಟೆ ಮುಟ್ಟಿದ ಮೇಲೆ ಬರುತ್ತದೆ, ಯಾವ ವಿಡಿಯೋದಲ್ಲೂ ಬರುವುದಿಲ್ಲ. ನಿಮಗೆ ಆ ಐವತ್ತು ಹೊಟ್ಟೆ ತಡವಾಗಿ ಸಿಕ್ಕವು, ಅಂತಿಮ ವರ್ಷದ ಪರೀಕ್ಷೆಯ ಗಡಿಬಿಡಿಯಲ್ಲಿ ಸಿಕ್ಕವು. ಕೊರತೆ ಇರುವುದು ಇಲ್ಲಿ. ಇದಕ್ಕೆ ಔಷಧಿ ಇದೆ, ಆಮೇಲೆ ಬರುತ್ತೇನೆ.

ವಾರ್ಡಿನ ಪಾಠಕ್ಕೆ ಮೊಬೈಲು ಬದಲಿ ಅಲ್ಲ ಅಂತ ನಿಯಂತ್ರಕರೇ ಒಪ್ಪಿಕೊಂಡಿದ್ದಾರೆ. ಚೀನಾ, ಉಕ್ರೇನ್‌ಗಳಿಂದ ವಾಪಸ್ ಬಂದು ಕೊನೆಯ ವರ್ಷವನ್ನು ಆನ್‌ಲೈನ್‌ನಲ್ಲಿ ಮುಗಿಸಿದ ನಮ್ಮ ಮಕ್ಕಳ ವಿಷಯದಲ್ಲಿ 2022ರ ಜುಲೈನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ಒಂದು ತೀರ್ಮಾನ ಮಾಡಿತು. ವಿದೇಶದಲ್ಲಿ ಓದಿದವರಿಗಿರುವ ಎಫ್‌ಎಂಜಿಇ ಪರೀಕ್ಷೆ ಬರೆಯಿರಿ, ಪಾಸಾದರೆ ಇಂಟರ್ನ್‌ಶಿಪ್ ಒಂದು ವರ್ಷದ ಬದಲು ಎರಡು ವರ್ಷ ಮಾಡಿ ಅಂದಿತು. ಆ ಮಕ್ಕಳಿಗೆ ಅದು ಕಷ್ಟವೇ ಆಯಿತು. ಆದರೆ ಅದರ ಅರ್ಥ ನೋಡಿ. ಇವರು ಡಾಕ್ಟರಾಗಲು ನಾಲಾಯಕ್ಕು ಅನ್ನಲಿಲ್ಲ, ರೋಗಿಗಳ ಜೊತೆ ಇನ್ನಷ್ಟು ದಿನ ಇರಲಿ ಅಂದಿತು. ನಿಮಗೂ ನಾನು ಹೇಳುವುದು ಹೆಚ್ಚು ಕಮ್ಮಿ ಅದನ್ನೇ.

ಇನ್ನೊಂದು ಕಥೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಪೋಲಿಯೋ ಬಡಿಯಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯು ಸತ್ತುಹೋದ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಅಂಥವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರು. ಬ್ಯೋನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಕುತ್ತಿಗೆಗೆ ತೂತು ಮಾಡಿ, ಟ್ಯೂಬ್ ಹಾಕಿ, ಕೈಯಿಂದ ಚೀಲ ಒತ್ತಿ ಗಾಳಿ ತುಂಬಿದರು. ಆದರೆ ಅಷ್ಟು ಕೈ ಎಲ್ಲಿಂದ ತರುವುದು? ಸುಮಾರು 1,500 ವಿದ್ಯಾರ್ಥಿಗಳು ಬಂದರು. ಹಗಲೂ ರಾತ್ರಿ ಪಾಳಿಯಲ್ಲಿ ಕೂತು ಚೀಲ ಒತ್ತಿದರು, ತಿಂಗಳುಗಟ್ಟಲೆ. ಅರ್ಧಕ್ಕಿಂತ ಹೆಚ್ಚು ಜನ ಬದುಕಿದರು. ಇವತ್ತಿನ ಐಸಿಯು ಹುಟ್ಟಿದ್ದೇ ಅಲ್ಲಿ. ಆ ವಿದ್ಯಾರ್ಥಿಗಳ ಕ್ಲಾಸೂ ಎಷ್ಟೋ ತಪ್ಪಿರಬೇಕು, ಅಲ್ವಾ? ಆದರೆ ಅವರನ್ನು ಮನೆಗೆ ಕಳಿಸಲಿಲ್ಲ, ಒಂದು ಕೆಲಸ ಹೇಳಿಕೊಟ್ಟು ಕೂರಿಸಿದರು. ನಿಮಗಾದದ್ದು ಬೇರೆ. ನಿಮ್ಮನ್ನು ಮನೆಗೆ ಕಳಿಸಿದರು, ಸುಮ್ನೆ ಕಾಯಿರಿ ಅಂದರು.

ಕಾಲೇಜಿನ ಒಳಗೆ ಆಗಿದ್ದೇನು

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಆಗ ವಿದ್ಯಾರ್ಥಿಗಳಿಗೆ ಯಾರೂ ಇದನ್ನು ಹೇಳಲಿಲ್ಲ.

ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯ 76 ವರ್ಷದ ವೃದ್ಧರದ್ದು, 2020ರ ಮಾರ್ಚ್ 10ರಂದು. ಅದಾಗಿ ಎರಡು ವಾರಕ್ಕೆ ಇಡೀ ದೇಶ ಮುಚ್ಚಿತು. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಒಂದು ವಿಚಿತ್ರ ಸ್ಥಿತಿ ಬಂತು. ಆಸ್ಪತ್ರೆ ತುಂಬಿದೆ, ಆದರೆ ಪಾಠಕ್ಕೆ ರೋಗಿಯೇ ಇಲ್ಲ. ಬೆಂಗಳೂರಿನ ವಿಕ್ಟೋರಿಯಾದಂಥ ದೊಡ್ಡ ಆಸ್ಪತ್ರೆಯೇ ಕೋವಿಡ್‌ಗೆ ಮೀಸಲಾಯಿತು. ಹರ್ನಿಯಾ, ಕಣ್ಣಿನ ಪೊರೆ, ಥೈರಾಯ್ಡ್, ಹಳೆಯ ಸಂಧಿವಾತ, ಇವೆಲ್ಲ ಮನೆಯಲ್ಲೇ ಉಳಿದವು. ವಿದ್ಯಾರ್ಥಿಗಳು ಕಲಿಯುವುದು ಇವರಿಂದಲೇ. ಐಸಿಯುನಲ್ಲಿ ಬೋರಲು ಮಲಗಿ ಏದುಸಿರು ಬಿಡುತ್ತಿರುವವರ ಹತ್ತಿರ ಎರಡನೇ ವರ್ಷದ ಹುಡುಗಿಯನ್ನು ಕರೆದುಕೊಂಡು ಹೋಗಿ ‘ಹಿಸ್ಟರಿ ತಗೊಳ್ಳಮ್ಮ’ ಅನ್ನಲಾಗುವುದಿಲ್ಲ.

ಪಿಪಿಇ ಕಿಟ್ ಲೆಕ್ಕ ಹಾಕಿ ಕೊಡುತ್ತಿದ್ದ ದಿನಗಳವು. ಒಬ್ಬ ವಿದ್ಯಾರ್ಥಿಗೆ ಒಂದು ಕಿಟ್ ಕೊಟ್ಟರೆ ಒಬ್ಬ ನರ್ಸ್‌ಗೆ ಕಮ್ಮಿ. ಪಾಠ ಮಾಡುವವರು ಎಲ್ಲಿದ್ದರು? ಅನಾಟಮಿ, ಫಿಸಿಯಾಲಜಿಯ ಮೇಷ್ಟ್ರುಗಳನ್ನೂ ಸ್ವಾಬ್ ತೆಗೆಯಲು, ಕೋವಿಡ್ ಕೇರ್ ಸೆಂಟರ್ ನೋಡಲು ಹಾಕಿದ್ದರು. ನನ್ನ ಸಹೋದ್ಯೋಗಿಯೊಬ್ಬರು ಪಿಪಿಇಯೊಳಗೆ ಆರು ಗಂಟೆ ನೀರು ಕುಡಿಯದೆ ಡ್ಯೂಟಿ ಮಾಡಿ, ಸ್ನಾನ ಮಾಡಿ, ಸಂಜೆ ಏಳಕ್ಕೆ ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಪಾಠದ ಮಧ್ಯೆ ನಿದ್ದೆ ಹೋದರು. ಹತ್ತು ನಿಮಿಷ ಮಕ್ಕಳೂ ಸುಮ್ಮನಿದ್ದರಂತೆ. ಅವರಿಗೆ ನಿದ್ದೆ ಬಂದದ್ದು ಗೊತ್ತಾಗಿ ಸುಮ್ಮನಿದ್ದರೋ, ಮಕ್ಕಳೂ ಮಲಗಿದ್ದರೋ ಗೊತ್ತಿಲ್ಲ.

ಇದರ ಮೇಲೆ ನಿಮ್ಮ ಬ್ಯಾಚಿಗೆ ಇನ್ನೊಂದು ದುರದೃಷ್ಟ. 1997ರಿಂದ ನಡೆದುಬಂದ ಹಳೇ ಪಠ್ಯಕ್ರಮ ತೆಗೆದು ಹೊಸ ಸಿಬಿಎಂಇ, ಅಂದರೆ ಸಾಮರ್ಥ್ಯ ಆಧಾರಿತ ಪದ್ಧತಿ ಶುರು ಮಾಡಿದ್ದೇ 2019ರ ಬ್ಯಾಚಿನಿಂದ. ಒಂದು ತಿಂಗಳ ಫೌಂಡೇಶನ್ ಕೋರ್ಸು, ಲಾಗ್ ಬುಕ್ಕು, ಮೊದಲ ವರ್ಷದಿಂದಲೇ ರೋಗಿಯ ಪರಿಚಯ, ಸ್ಕಿಲ್ ಲ್ಯಾಬು, ಎಲ್ಲ ನಿಮಗೂ ಹೊಸದು, ನಮಗೂ ಹೊಸದು. ‘ಏನು ಗೊತ್ತು’ ಅನ್ನುವುದಕ್ಕಿಂತ ‘ಏನು ಮಾಡಲು ಬರುತ್ತದೆ’ ಅಂತ ಕೇಳುವ ಪಠ್ಯಕ್ರಮವದು. ಅದು ಜಾರಿಗೆ ಬಂದ ಮೊದಲ ವರ್ಷವೇ ಕೈ ಕೆಲಸ ನಿಂತುಹೋಯಿತು ನೋಡಿ. ಅಷ್ಟರಲ್ಲಿ 2020ರ ಸೆಪ್ಟೆಂಬರ್ 25ಕ್ಕೆ ಹಳೆಯ ನಿಯಂತ್ರಕ ಸಂಸ್ಥೆ ಎಂಸಿಐ (ಭಾರತೀಯ ವೈದ್ಯಕೀಯ ಪರಿಷತ್ತು) ಹೋಗಿ ಎನ್‌ಎಂಸಿ ಬಂತು. ಪರೀಕ್ಷೆ ಯಾವಾಗ, ಹಾಜರಾತಿ ಹೇಗೆ, ಇಂಟರ್ನಲ್ ಅಸೆಸ್‌ಮೆಂಟ್ ಏನು ಮಾಡುವುದು ಅಂತ ಕಾಲೇಜು ಯಾರನ್ನು ಕೇಳಬೇಕು? ವಿಶ್ವವಿದ್ಯಾಲಯದ ಸುತ್ತೋಲೆಗೆ ನಾವೂ ನಿಮ್ಮ ಹಾಗೆಯೇ ಕಾಯುತ್ತಿದ್ದೆವು. ಡಿಸೆಂಬರ್ 1ಕ್ಕೆ ಕಾಲೇಜು ತೆರೆದದ್ದು, ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಎಲ್ಲ ಕಳಚಿಬಿದ್ದದ್ದು ನಿಮಗೇ ಗೊತ್ತು.

ಆ ಎರಡನೇ ಅಲೆಯಲ್ಲಿ ನಿಮ್ಮ ಸೀನಿಯರ್‌ಗಳಿಗೆ ತದ್ವಿರುದ್ಧವಾದದ್ದು ಆಯಿತು. 2021ರ ಮೇ 3ರಂದು ಕೇಂದ್ರ ಸರ್ಕಾರ ನೀಟ್ ಪಿಜಿಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೆ ಹಾಕಿತು. ಇಂಟರ್ನ್‌ಗಳನ್ನು ಕೋವಿಡ್ ಡ್ಯೂಟಿಗೆ ಹಾಕಿ, ಅಂತಿಮ ವರ್ಷದವರನ್ನು ಮೇಷ್ಟ್ರುಗಳ ಉಸ್ತುವಾರಿಯಲ್ಲಿ ಫೋನ್ ಸಲಹೆಗೆ ಬಳಸಿಕೊಳ್ಳಿ ಅಂದಿತು. ನೂರು ದಿನ ಡ್ಯೂಟಿ ಮಾಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಅಂದಿತು. ಆ ಇಂಟರ್ನ್‌ಗಳು ಆಕ್ಸಿಜನ್ ಹಚ್ಚುವುದು, ಎಬಿಜಿ ಪರೀಕ್ಷೆಗೆ ಧಮನಿಯಿಂದ ರಕ್ತ ತೆಗೆಯುವುದು, ಮನೆಯವರಿಗೆ ಸಾವಿನ ಸುದ್ದಿ ಹೇಳುವುದು ಎಲ್ಲ ಕಲಿತರು. ಹೆರಿಗೆ, ಸರ್ಜರಿ, ಮೂಳೆ ವಿಭಾಗ ಎಷ್ಟೋ ಜನರಿಗೆ ಸರಿಯಾಗಿ ಸಿಗಲಿಲ್ಲ. ಒಂದು ಬ್ಯಾಚಿಗೆ ರೋಗಿಯೇ ಸಿಗಲಿಲ್ಲ, ಇನ್ನೊಂದಕ್ಕೆ ಒಂದೇ ರೋಗದ ರೋಗಿ. ಹೀಗಿದ್ದೂ ‘ಕೋವಿಡ್ ಬ್ಯಾಚು’ ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಹಾಗಾದರೆ ‘ತುಂಬಾ ತೃಪ್ತಿ’ ಅಂತ ಟಿಕ್ ಹಾಕಿದ್ದು ಯಾಕೆ

ಇದು ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ ಭಾಗ. ಆ ಫಾರಂ ಮಾಡಿದವರಲ್ಲಿ ನಾನೂ ಒಬ್ಬ. ನಿಮ್ಮ ಕಾಲೇಜಿನದ್ದಲ್ಲ, ನಾನಿದ್ದ ಕಾಲೇಜಿನದ್ದು.

ನಾವು ಮಾಡಿದ ಮೊದಲ ತಪ್ಪು, ಫಾರಂನಲ್ಲಿ ರಿಜಿಸ್ಟರ್ ನಂಬರ್ ಕೇಳಿದ್ದು. ಇಂಟರ್ನಲ್ ಮಾರ್ಕ್ಸ್ ನಮ್ಮ ಕೈಯಲ್ಲಿರುವಾಗ ‘ಅತೃಪ್ತಿ’ ಅಂತ ಯಾರು ಬರೆಯುತ್ತಾರೆ? ಎರಡನೆಯದು ಇನ್ನೂ ದೊಡ್ಡದು, ನನಗೆ ಹೊಳೆದದ್ದು ಎರಡು ವರ್ಷ ಆದ ಮೇಲೆ. ಆನ್‌ಲೈನ್ ಕ್ಲಾಸ್ ಹೇಗಿತ್ತು ಅಂತ ಆನ್‌ಲೈನ್ ಫಾರಂನಲ್ಲೇ ಕೇಳಿದೆವು. ನೆಟ್‌ವರ್ಕ್ ಸಿಗದೆ ಮಾಳಿಗೆ ಹತ್ತಿ, ಹೊಲದ ಬದುವಿನಲ್ಲಿ ನಿಂತು ಕ್ಲಾಸ್ ಕೇಳುತ್ತಿದ್ದ ಹುಡುಗ, ಒಂದೇ ಫೋನನ್ನು ತಂಗಿಯ ಹತ್ತನೇ ಕ್ಲಾಸಿಗೆ ಬಿಟ್ಟುಕೊಟ್ಟ ಹುಡುಗಿ, ಅವರ ಉತ್ತರ ನಮಗೆ ಬರಲೇ ಇಲ್ಲ. ಬಂದವರ ಸರಾಸರಿ ತೆಗೆದು, ಬಣ್ಣದ ಪೈ ಚಾರ್ಟ್ ಮಾಡಿ, ಪರಿಶೀಲನಾ ಸಮಿತಿಗೆ ತೋರಿಸಿದೆವು. ಚೆನ್ನಾಗಿತ್ತು ಚಾರ್ಟು.

ನೀವು ಟಿಕ್ ಹಾಕಿದ್ದಕ್ಕೆ ಬೇರೆ ಕಾರಣವೂ ಇರಬೇಕು. ಅದೇ ಮೇ ತಿಂಗಳ ಶುರುವಿನಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಜನ ಸತ್ತರು, ಆಕ್ಸಿಜನ್ ಸಾಲದೆ ಅಂತ ಊರೆಲ್ಲ ಮಾತು. ಅಂಥ ಹೊತ್ತಿನಲ್ಲಿ ‘ನನಗೆ ಕ್ಲಿನಿಕಲ್ ಪೋಸ್ಟಿಂಗ್ ಸರಿಯಾಗಿ ಆಗಲಿಲ್ಲ’ ಅಂತ ದೂರಲು ನಾಚಿಕೆಯಾಗುತ್ತದೆ. ಮೇಷ್ಟ್ರು ಜೀವ ಪಣಕ್ಕಿಟ್ಟು ದುಡಿಯುತ್ತಿದ್ದಾರೆ, ನಾನು ಮನೆಯಲ್ಲಿ ರೊಟ್ಟಿ ತಿಂದುಕೊಂಡಿದ್ದೇನೆ, ಏನಂತ ದೂರಲಿ? ಆಗ ನೀವು ತೃಪ್ತಿ ಅಂತ ಬರೆದದ್ದು ಸುಳ್ಳಲ್ಲ. ಅದು ಕೃತಜ್ಞತೆ. ಫಾರಂನಲ್ಲಿ ಅದಕ್ಕೆ ಬೇರೆ ಡಬ್ಬಿ ಇರಲಿಲ್ಲ. ಸಿಟ್ಟು ಈಗ ಬರುತ್ತಿದೆ, ಯಾಕೆಂದರೆ ಏನು ತಪ್ಪಿಹೋಯಿತು ಅಂತ ಗೊತ್ತಾಗುವುದು ಅದು ಬೇಕಾದ ದಿನ ಮಾತ್ರ. ಮಗುವಿನ ಕೈ ಹಿಡಿದಾಗ.

ತೃಪ್ತಿ ಮತ್ತು ಕಲಿಕೆ ಜೊತೆಜೊತೆಗೇ ಹೋಗುತ್ತವೆ ಅನ್ನುವುದೂ ಒಂದು ನಂಬಿಕೆ ಅಷ್ಟೆ. 2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ತರಗತಿಗಳಲ್ಲಿ ಇದನ್ನು ಅಳೆದು ನೋಡಿದರು. ಮೇಷ್ಟ್ರು ಸೊಗಸಾಗಿ ಪಾಠ ಹೇಳಿದ ಕಡೆ ಹುಡುಗರಿಗೆ ತಾವು ಜಾಸ್ತಿ ಕಲಿತೆವು ಅನ್ನಿಸಿತು. ತಾವೇ ಒದ್ದಾಡಿ ಲೆಕ್ಕ ಬಿಡಿಸಿದ ಕಡೆ ಕಮ್ಮಿ ಕಲಿತೆವು ಅನ್ನಿಸಿತು. ಪರೀಕ್ಷೆ ಕೊಟ್ಟು ನೋಡಿದರೆ ಒದ್ದಾಡಿದವರೇ ಜಾಸ್ತಿ ಕಲಿತಿದ್ದರು. ಮೊಬೈಲಿನಲ್ಲಿ ನಯವಾದ ಸ್ಲೈಡು ನೋಡಿ ಖುಷಿಯಾದ ನಿಮ್ಮ ಎರಡನೇ ವರ್ಷಕ್ಕೂ, ಕ್ಯಾಶುವಾಲ್ಟಿಯಲ್ಲಿ ಬೆವರಿ ಬೈಸಿಕೊಂಡ ಇಂಟರ್ನ್‌ಶಿಪ್‌ಗೂ ಇದನ್ನು ಹೊಂದಿಸಿ ನೋಡಿ. ಸರಿಯಾಗಿ ಕೇಳುವ ವಿಧಾನ ಇಲ್ಲದೆ ಏನಿಲ್ಲ. ಸ್ಕಾಟ್ಲೆಂಡಿನ ಡಂಡಿಯಲ್ಲಿ ತಯಾರಾದ ಡ್ರೀಮ್ ಅನ್ನುವ 50 ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 200 ಅಂಕ. ಪಾಠ ಒಂದನ್ನೇ ಅಲ್ಲ, ಮೇಷ್ಟ್ರು, ವಾತಾವರಣ, ಗೆಳೆಯರ ಸಂಗ, ತನ್ನ ಬಗ್ಗೆ ತನಗಿರುವ ಧೈರ್ಯ, ಎಲ್ಲ ಕೇಳುತ್ತದೆ. ನಮ್ಮಲ್ಲಿ ಇದನ್ನು ಹೆಚ್ಚಾಗಿ ಬಳಸುವುದು ಯಾರಿಗಾದರೂ ಪೇಪರ್ ಪಬ್ಲಿಷ್ ಮಾಡಬೇಕಾದಾಗ.

ತಪ್ಪು ಯಾರದು

ಕಾಲೇಜು ಮುಚ್ಚಿದ್ದು ಕಾಲೇಜಿನ ತಪ್ಪಲ್ಲ. ಅಮೆರಿಕದಲ್ಲೂ 2020ರ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳನ್ನು ವಾರ್ಡಿನಿಂದ ಹೊರಗಿಡಿ ಅಂತಲೇ ಮೆಡಿಕಲ್ ಕಾಲೇಜುಗಳ ಸಂಘ ಸಲಹೆ ಕೊಟ್ಟಿತ್ತು. ತೆರೆದ ಮೇಲೆ ಏನು ಮಾಡಿದರು, ಮುಚ್ಚಿದ್ದಾಗ ಏನು ಹೇಳಿದರು ಅನ್ನುವುದು ಅವರವರ ಹೊಣೆ.

ಆ ಎರಡು ವರ್ಷ ನಾನು ಪರೀಕ್ಷಕನಾಗಿ ಬೇರೆ ಬೇರೆ ಕಾಲೇಜಿಗೆ ಹೋಗಿದ್ದೆ. ಎರಡು ಕಾಲೇಜು ನೆನಪಿವೆ, ಹೆಸರು ಬೇಡ. ಒಂದರ ಪ್ರಿನ್ಸಿಪಾಲರು ಪ್ರತಿ ಶನಿವಾರ ಸಂಜೆ ಅರ್ಧ ಗಂಟೆ ಆನ್‌ಲೈನ್ ಬಂದು ಕೂರುತ್ತಿದ್ದರು. ಹೇಳಲು ಬಹಳ ಸಲ ಏನೂ ಇರುತ್ತಿರಲಿಲ್ಲ. ‘ಪರೀಕ್ಷೆ ದಿನಾಂಕ ನನಗೂ ಗೊತ್ತಿಲ್ಲ, ಗೊತ್ತಾದ ದಿನವೇ ಹೇಳುತ್ತೇನೆ’ ಅನ್ನುತ್ತಿದ್ದರು, ಅಷ್ಟೆ. ಕಾಲೇಜು ತೆರೆದ ಮೇಲೆ ತಪ್ಪಿಹೋದ ಪೋಸ್ಟಿಂಗ್‌ಗಳನ್ನು ಸಂಜೆ ಬ್ಯಾಚು ಮಾಡಿ ಸ್ವಲ್ಪ ಮಟ್ಟಿಗೆ ತುಂಬಿಕೊಟ್ಟರು. ಇನ್ನೊಂದು ಕಾಲೇಜಿನ ಕಟ್ಟಡ, ಸ್ಕಿಲ್ ಲ್ಯಾಬು, ಮ್ಯಾನಿಕಿನ್ನು ಎಲ್ಲ ಮೊದಲನೆಯದಕ್ಕಿಂತ ಚೆನ್ನಾಗಿದ್ದವು. ಅಲ್ಲಿ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಬರುತ್ತಿತ್ತು, ‘ನಾಡಿದ್ದು ರಿಪೋರ್ಟ್ ಮಾಡಿ, ಆರ್‌ಟಿಪಿಸಿಆರ್ ಕಡ್ಡಾಯ, ಬಾಕಿ ಫೀ ಕಟ್ಟಿ’ ಅಂತ. ಎರಡೂ ಕಡೆ ಪಾಠ ತಪ್ಪಿದ್ದು ಒಂದೇ ಪ್ರಮಾಣದಲ್ಲಿ. ಮೊದಲ ಕಾಲೇಜಿನ ಮಕ್ಕಳು ಇವತ್ತಿಗೂ ಅಲ್ಲಿಗೆ ಹೋಗಿಬರುತ್ತಾರೆ. ಎರಡನೆಯದರ ಮಕ್ಕಳು ಮಾರ್ಕ್ಸ್ ಕಾರ್ಡ್ ತರಲು ಮಾತ್ರ ಹೋದರು.

ನನ್ನ ಅನುಭವದಲ್ಲಿ ಮಕ್ಕಳ ಸಿಟ್ಟು ತಪ್ಪಿದ ಪಾಠಕ್ಕಿಂತ ಜಾಸ್ತಿ, ಹೀಗೆ ಏನೂ ಹೇಳದೆ ಕತ್ತಲಲ್ಲಿಟ್ಟದ್ದರ ಮೇಲೆ. ನಮ್ಮನ್ನು ವಿದ್ಯಾರ್ಥಿ ಅಂತಲೂ ಲೆಕ್ಕ ಹಾಕಲಿಲ್ಲ, ಡಾಕ್ಟರ್ ಅಂತಲೂ ಲೆಕ್ಕ ಹಾಕಲಿಲ್ಲ, ಫೀ ಕಟ್ಟುವವರು ಅಂತ ಮಾತ್ರ ನೆನಪಿಟ್ಟುಕೊಂಡರು ಅನ್ನುವ ಸಿಟ್ಟು. ಖಾಸಗಿ, ಸರ್ಕಾರಿ ಅನ್ನುವ ಭೇದವೂ ಇದರಲ್ಲಿ ಇಲ್ಲ. ಎರಡು ಕಡೆಯೂ ಎರಡು ಥರದವರನ್ನೂ ನೋಡಿದ್ದೇನೆ. ನಿಮ್ಮ ಕಾಲೇಜು ಯಾವ ಥರದ್ದು ಅಂತ ನೀವೇ ಹೇಳಬಲ್ಲಿರಿ. ಎರಡನೇ ಥರದ್ದಾದರೆ ನಿಮ್ಮ ಸಿಟ್ಟಿಗೆ ಕಾರಣ ಇದೆ, ಅದನ್ನು ಅಲ್ಲಗಳೆಯಬೇಡಿ.

ಕಾಲೇಜಿನ ಮೇಲೆ ದೂರು ಕೊಡಬಹುದಾ? ‘ಪಾಠ ಸರಿಯಾಗಿ ಆಗಲಿಲ್ಲ, ಫೀ ವಾಪಸ್ ಕೊಡಿ’ ಅಂತ ಇಷ್ಟು ವರ್ಷದ ಮೇಲೆ ಹೋದರೆ ಚಪ್ಪಲಿ ಸವೆಯುತ್ತದೆ, ಅಷ್ಟೆ. ನಾನು ಸಲಹೆ ಕೊಡುವುದಿಲ್ಲ. ಆದರೆ ಇಂಟರ್ನ್‌ಶಿಪ್ ಸ್ಟೈಪೆಂಡ್ ಬಾಕಿ, ಕಾಷನ್ ಡೆಪಾಸಿಟ್, ಹಿಡಿದಿಟ್ಟುಕೊಂಡ ಮೂಲ ದಾಖಲೆ, ಇಂಥದ್ದೇನಾದರೂ ಇದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ಬ್ಯಾಚಿನವರು ಸೇರಿ ಹೋಗಿ. 2020ರಲ್ಲಿ ದಾವಣಗೆರೆಯಲ್ಲಿ ಸ್ಟೈಪೆಂಡ್‌ಗಾಗಿ ಮಕ್ಕಳು ಬಿಸಿಲಲ್ಲಿ ಬೀದಿಗೆ ಕೂತಿದ್ದರು. ಅದು ಸುದ್ದಿಯಾದದ್ದು ಒಟ್ಟಾಗಿ ಕೂತದ್ದಕ್ಕೆ.

ಈಗ ಏನು ಮಾಡಬಹುದು

ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಕಾಲೇಜಿನ ಲಾಗ್ ಬುಕ್ ಬೇಡ. ಅದರಲ್ಲಿ ಏನು ಬರೆಸಿ ಹೇಗೆ ಸಹಿ ಹಾಕಿಸಿಕೊಂಡಿರಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈ ಪುಸ್ತಕ ಯಾರಿಗೂ ತೋರಿಸುವುದಕ್ಕಲ್ಲ. ಪಿಎಚ್‌ಸಿಯಲ್ಲಿ ನಿಮ್ಮ ಕೈಯಿಂದ ಆಗಬೇಕಾದ್ದು ಬರೆಯಿರಿ. ಸಹಜ ಹೆರಿಗೆ, ಹೆರಿಗೆ ನಂತರದ ರಕ್ತಸ್ರಾವ, ಅಳದ ಮಗುವಿಗೆ ಬ್ಯಾಗ್ ಮಾಸ್ಕ್‌ನಿಂದ ಉಸಿರು ಕೊಡುವುದು, ಮಗುವಿಗೆ ಐವಿ ಲೈನ್, ಹಾವು ಕಚ್ಚಿದವರಿಗೆ ವಿಷ ಇಳಿಸುವ ಎಎಸ್‌ವಿ, ಕ್ರಿಮಿನಾಶಕ ಕುಡಿದವರಿಗೆ ಅಟ್ರೋಪಿನ್, ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಗುರುತಿಸುವುದು, ಹೊಲಿಗೆ, ರೈಲ್ಸ್ ಟ್ಯೂಬು, ಕ್ಯಾಥೆಟರ್. ಪ್ರತಿಯೊಂದರ ಮುಂದೆ ‘ಒಬ್ಬಳೇ ಮಾಡಿದ್ದೇನೆ’, ‘ಯಾರೋ ಜೊತೆಗಿದ್ದರು’, ‘ನೋಡಿದ್ದೇನೆ ಅಷ್ಟೆ’, ಈ ಮೂರರಲ್ಲಿ ಒಂದು ಬರೆಯಿರಿ. ‘ನನಗೆ ಏನೂ ಬರುವುದಿಲ್ಲ’ ಅನ್ನುವ ಭಾರ ಹತ್ತು ನಿಮಿಷದಲ್ಲಿ ‘ಈ ಆರು ಬರುವುದಿಲ್ಲ’ ಅಂತ ಇಳಿಯುತ್ತದೆ. ಈ ಪಟ್ಟಿ ಬರೆದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗೂ ಆ ಸಂಖ್ಯೆ ಎಂಟು ದಾಟಿಲ್ಲ.

ಆ ಆರನ್ನು ಕಲಿಯಲು ದಾರಿಗಳಿವೆ, ಪ್ರತಿಯೊಂದಕ್ಕೂ ಬೆಲೆ ಇದೆ. ನಿಮ್ಮ ಪರಿಸ್ಥಿತಿಗೆ ನಾನು ಆರಿಸುವುದು, ಈಗಿನ ಕೆಲಸ ಬಿಡದೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಅಂಟಿಕೊಳ್ಳುವುದು. ತಾಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ) ಹತ್ತಿರ ಹೋಗಿ, ತಿಂಗಳಿಗೆ ಎರಡು ರಾತ್ರಿ ಲೇಬರ್ ರೂಮಿನಲ್ಲಿ ಇರಲು ಬಿಡಿ ಅಂತ ಬಾಯಿಬಿಟ್ಟು ಕೇಳಿ. ಹೊಸಬರು ತಾವಾಗಿ ಕೆಲಸ ಕೇಳಿಕೊಂಡು ಬಂದರೆ ಬೇಡ ಅನ್ನುವವರು ಕಮ್ಮಿ. ಕೊಪ್ಪಳದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲಿನ ಮಕ್ಕಳ ವಿಭಾಗದಲ್ಲಿ ಒಂದು ವಾರ ನಿಂತರೆ ಐವಿ ಲೈನ್ ಭಯ ಹೋಗುತ್ತದೆ. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿ ನಿಮ್ಮಂಥವರಿಗಾಗಿಯೇ ಇರುವುದು, ಹೆಸರು ಹಾಕಿಸಿ. ಈ ದಾರಿಯ ಅಪಾಯ ಅಂದರೆ ದಣಿವು. ಮತ್ತೆ, ಕಲಿಯುವ ತನಕ ಆ ಕೇಸು ಬಂದರೆ ಒಬ್ಬರೇ ಹಿಡಿದುಕೊಂಡು ಕೂರಬೇಡಿ. ಮಾಡಬೇಕಾದ ಮೊದಲ ಚಿಕಿತ್ಸೆ ಮಾಡಿ, 108ಕ್ಕೆ ಹೇಳಿ, ಮೇಲಿನ ಆಸ್ಪತ್ರೆಗೆ ಫೋನ್ ಮಾಡಿಯೇ ಕಳಿಸಿ. ರೆಫರ್ ಮಾಡುವುದರಲ್ಲಿ ಅವಮಾನ ಏನೂ ಇಲ್ಲ.

ಇನ್ನೊಂದು, ದೊಡ್ಡ ಆಸ್ಪತ್ರೆಯಲ್ಲಿ ಆರು ತಿಂಗಳು ಜೂನಿಯರ್ ರೆಸಿಡೆಂಟ್ ಆಗಿ ಸೇರುವುದು. ಕಲಿಕೆ ಇದರಲ್ಲೇ ಜಾಸ್ತಿ. ಆದರೆ ಆಸ್ಪತ್ರೆ ನೋಡಿ ಸೇರಿ. ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಡ್ಯೂಟಿ ಡಾಕ್ಟರ್ ಅಂದರೆ ರಾತ್ರಿ ಬಿಪಿ ಬರೆದು, ಕನ್ಸಲ್ಟೆಂಟ್‌ಗೆ ಫೋನ್ ಮಾಡಿ, ‘ಹೂಂ ಸರ್’ ಅನ್ನುವ ಕೆಲಸ. ಅಲ್ಲಿ ವರ್ಷ ಕಳೆದರೂ ಕೈ ಮುಂದೆ ಹೋಗುವುದಿಲ್ಲ.

ನೇರ ನೀಟ್ ಪಿಜಿ ಕೋಚಿಂಗ್‌ಗೆ ಹೋಗಿಬಿಡೋಣ ಅಂತ ನಿಮ್ಮ ಬ್ಯಾಚಿನ ಹೆಚ್ಚಿನವರು ಯೋಚಿಸುತ್ತಾರೆ. ತಪ್ಪಲ್ಲ. ಆದರೆ ಮತ್ತೆ ಒಂದೆರಡು ವರ್ಷ ಸ್ಕ್ರೀನಿನ ಮುಂದೆಯೇ ಕೂರುತ್ತೀರಿ, ಇದ್ದ ಕೈಯೂ ಜಡ್ಡುಗಟ್ಟುತ್ತದೆ. ಓದುತ್ತಲೇ ವಾರಕ್ಕೆ ಒಂದು ಕ್ಯಾಶುವಾಲ್ಟಿ ಡ್ಯೂಟಿ ಇಟ್ಟುಕೊಳ್ಳಿ. ನಿಂತ ಹೃದಯ, ಉಸಿರು ಮರಳಿಸುವುದನ್ನು ಕಲಿಸುವ ಬಿಎಲ್‌ಎಸ್, ಎಸಿಎಲ್‌ಎಸ್ ಥರದ ಒಂದೆರಡು ದಿನದ ಕೋರ್ಸು ಮಾಡಿ, ಒಳ್ಳೆಯದೇ. ಆದರೆ ಮ್ಯಾನಿಕಿನ್ ಕೈ ಎಳೆದುಕೊಳ್ಳುವುದಿಲ್ಲ, ಅಳುವುದಿಲ್ಲ, ಅದರ ಅಜ್ಜಿ ಬಾಗಿಲಲ್ಲಿ ನಿಂತು ಬೈಯುವುದೂ ಇಲ್ಲ.

ನಡುವೆ ಒಂದು ಮಾತು. ಅವತ್ತಿನಿಂದ ಸಿಟ್ಟು ಬರುತ್ತಿದೆ ಅಂದಿರಿ. ನಿದ್ದೆ ಹೇಗಿದೆ? ಬೆಳಿಗ್ಗೆ ಪಿಎಚ್‌ಸಿಗೆ ಹೋಗಲು ಎದೆ ಹೊಡೆದುಕೊಳ್ಳುತ್ತದೆಯಾ? ಎನ್‌ಎಂಸಿಯ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ, ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ 27.8% ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಅಂತ ಹೇಳಿದ್ದಾರೆ. ಡಾಕ್ಟರಿಗೂ ಡಾಕ್ಟರು ಬೇಕಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ನೀವೇ ಅದನ್ನು ಎಷ್ಟೋ ರೋಗಿಗಳಿಗೆ ಬರೆದುಕೊಟ್ಟಿರುತ್ತೀರಿ.

ತಮ್ಮನ ಸೀಟಿನ ವಿಷಯ

ಬ್ರೋಷರ್ ನೋಡಬೇಡಿ, ವೆಬ್‌ಸೈಟಿನ ಫೋಟೋ ನೋಡಬೇಡಿ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದಕ್ಕೆ ಮುಂಚೆ ಮನಸ್ಸಿನಲ್ಲಿರುವ ಎರಡು ಮೂರು ಕಾಲೇಜಿಗೆ ತಮ್ಮನನ್ನು ಕರೆದುಕೊಂಡು ಹೋಗಿ. ಬೆಳಿಗ್ಗೆ ಒಪಿಡಿ ಮುಂದೆ ಅರ್ಧ ಗಂಟೆ ನಿಲ್ಲಿ. ನಿಜವಾದ ರೋಗಿಗಳಿದ್ದಾರಾ ಅಂತ ನಿಮ್ಮ ಕಣ್ಣಿಗೆ ಗೊತ್ತಾಗುತ್ತದೆ, ಈಗ ನೀವು ಡಾಕ್ಟರು. ರಾತ್ರಿ ಒಂಬತ್ತಕ್ಕೆ ಕ್ಯಾಶುವಾಲ್ಟಿಗೆ ಹೋಗಿ ಅಲ್ಲಿರುವ ಇಂಟರ್ನ್ ಜೊತೆ ಟೀ ಕುಡಿಯಿರಿ. ಸ್ಟೈಪೆಂಡ್ ತಿಂಗಳು ತಿಂಗಳು ಬರುತ್ತದಾ, ಬೆಡ್‌ಸೈಡ್ ಕ್ಲಾಸ್ ಯಾರು ತಗೋತಾರೆ, ಪ್ರೊಫೆಸರಾ ಪಿಜಿಗಳಾ, ಪ್ರಿನ್ಸಿಪಾಲ್ ರೂಮಿಗೆ ವಿದ್ಯಾರ್ಥಿ ನೇರ ಹೋಗಬಹುದಾ ಅಂತ ಕೇಳಿ. ಆಮೇಲೆ ಅದೇ ಕಾಲೇಜಿನಲ್ಲಿ 2021ರಲ್ಲಿ ಇಂಟರ್ನ್ ಆಗಿದ್ದವರನ್ನು ಯಾರನ್ನಾದರೂ ಹುಡುಕಿ. ನಿಮ್ಮ ಸೀನಿಯರ್‌ಗಳ ಗ್ರೂಪಿನಲ್ಲಿ ಸಿಕ್ಕೇ ಸಿಗುತ್ತಾರೆ. ‘ನಿಮಗೆ ಕೋವಿಡ್ ಬಂದಾಗ ಕಾಲೇಜಿನಿಂದ ಯಾರು ಫೋನ್ ಮಾಡಿದರು?’ ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂತ ಗಮನಿಸಿ.

ಭಾನುವಾರ ಮಾತ್ರ ಹೋಗಬೇಡಿ, ಒಪಿಡಿ ಇರುವುದಿಲ್ಲ. ಸೋಮವಾರ ಒಂದು ದಿನ ರಜೆ ಹಾಕಿ ಹೋಗಿ.